ಸೆರಗಿನ ಗಂಟು

ಬೆಳಿಗ್ಗೆಯಿಂದ ಆಳಂದದ ಮೇಲೆ ಮೋಡ. ಮೇಲಿನ ಡ್ಯಾಮಿನಿಂದ ಭೀಮೆಗೆ ನೀರು ಬಿಟ್ಟಿದ್ದಾರೆಂದು ಫೋನಿನಲ್ಲಿ ಸುದ್ದಿ ಬಂದಿದೆ. ಮಗಳು ಅದೇ ಭೀಮೆಯ ಕಡೆಯ ಅಫಜಲಪುರಕ್ಕೆ ಹೊರಟಿದ್ದಾಳೆ. ನಾಳೆಯಿಂದ ಅವಳ ಮೊದಲ ನೌಕರಿ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತ ನನ್ನ ಕಣ್ಣು ಮತ್ತೆಮತ್ತೆ ಮೋಡದ ಕಡೆಗೇ. ಮೋಡಕ್ಕೆ ಹೆದರುವ ಹೆಂಗಸನ್ನು ಕಂಡು ನಿಮಗೆ ನಗು ಬಂದೀತು. ನಗಿ, ಅಡ್ಡಿಯಿಲ್ಲ, ನಮ್ಮ ಅವ್ವನನ್ನು ನೋಡಿ ಇಡೀ ಓಣಿಯೇ ನಕ್ಕಿತ್ತು.

ಜೇವರ್ಗಿ ಕಡೆ ಹೊಳೆದಂಡೆಯ ಊರು ನನ್ನ ತವರು. ನೆರೆ ಬಂದ ವರ್ಷ ಅವ್ವನ ಕೈಯಿಂದ ನನ್ನ ತಮ್ಮ ಜಾರಿಹೋದ. ಆಮೇಲೆ ಮೋಡ ಕವಿದರೆ ಸಾಕು, ಅವ್ವ ತನ್ನ ಸೆರಗನ್ನು ನನ್ನ ದಾವಣಿಗೆ ಗಂಟು ಹಾಕಿ ಕೂರುತ್ತಿದ್ದಳು. ಮಳೆಗಾಲವಿಡೀ ನನಗೆ ಶಾಲೆಯಿಲ್ಲ. "ಏನ್ ಬೇ, ಅವ್ವ-ಮಗಳು ಮದುವಿ ಗಂಟು ಹಾಕ್ಕೊಂಡೀರೇನು?" ಎಂದು ಓಣಿಯವರ ಚೇಷ್ಟೆ. ತಮ್ಮನ ಹೆಸರನ್ನಂತೂ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಹೀಗೇ ಕಟ್ಟಿಹಾಕಿಸಿಕೊಂಡು ಮುದುಕಿಯಾಗುತ್ತೇನೆಂದು ನನಗೆ ದಿಗಿಲು.

ಆಗ ಬಂದರು ಡಾಕ್ಟರಮ್ಮ. ನೆರೆ, ಭೂಕಂಪ, ಗಲಭೆಗಳಲ್ಲಿ ಬದುಕುಳಿದವರ ಮಾತು ಕೇಳುತ್ತ ಊರೂರು ತಿರುಗಿದ ಮನೋವಿಶ್ಲೇಷಕಿ. ಸೂಜಿಯಿಲ್ಲ, ಗುಳಿಗೆಯಿಲ್ಲ. ಬರೀ ಕೇಳುವುದಕ್ಕೆ ಇಷ್ಟೆಲ್ಲ ಓದಬೇಕೇ ಎಂದು ನನ್ನ ಅನುಮಾನ. ವಾರವಾರ ಬಂದು ಕಟ್ಟೆಯ ಮೇಲೆ ಕೂರುವರು. ಅವ್ವ ತುಟಿ ಬಿಚ್ಚಳು. "ಈ ಗಂಟು ಬಿಚ್ಚಿಸ್ರಿ" ಎಂದು ಗೋಗರೆದೆ. "ಕಟ್ಟಿದವರೇ ಬಿಚ್ಚಬೇಕಮ್ಮಾ" ಎಂದರು. ನನಗೆ ಸಿಟ್ಟೇ ಬಂತು.

ಒಂದು ಮಧ್ಯಾಹ್ನ ನಾನು ಜೋಳ ಬೀಸಿಸಲು ಗಿರಣಿಗೆ ಹೋದಾಗ ಮೋಡ ಕವಿಯಿತು. ಓಡಿ ಬಂದು ನೋಡಿದರೆ ಅವ್ವನ ಸೆರಗು ಡಾಕ್ಟರಮ್ಮನ ಸೆರಗಿಗೆ ಗಂಟು! ಅವರು ಅಲುಗದೆ ಕೂತಿದ್ದರು. ಊರಿಗಿದ್ದ ಒಂದೇ ಬಸ್ಸು ಹಾರ್ನ್ ಹೊಡೆದು ಹೊರಟಿತು. ಡಾಕ್ಟರಮ್ಮ ತಿರುಗಿಯೂ ನೋಡಲಿಲ್ಲ.

ಅವ್ವ ಬಾಯಿಬಿಟ್ಟಳು. "ಚಂದ್ರು ಅಂತ್ರಿ ಅವನ ಹೆಸರು. ನಾ ಗಟ್ಟಿ ಹಿಡಿದಿದ್ನಿರಿ." ಆಮೇಲೆ ಬರೀ ಅಳು. ಅತ್ತು ಸಾಕಾದ ಮೇಲೆ ತಾನೇ ಗಂಟು ಬಿಚ್ಚಿದಳು. "ನಿಮ್ಮ ಬಸ್ ತಪ್ಪಿತ್ರಿ, ಪಾಪ. ಮನ್ಯಾಗ ದಾರಿ ನೋಡ್ತಿರ್ತಾರ."

ಅವ್ವನ ಹೆದರಿಕೆ ಸಾಯುವವರೆಗೂ ಹೋಗಲಿಲ್ಲ; ಮೋಡವಾದರೆ ಬಾಗಿಲಲ್ಲೇ ನಿಲ್ಲುತ್ತಿದ್ದಳು. ನನ್ನನ್ನು ಮಾತ್ರ ಶಾಲೆಗೆ ಬಿಟ್ಟಳು. ಡಾಕ್ಟರಮ್ಮನೂ ಈಗಿಲ್ಲ.

"ಅವ್ವ, ಬಸ್ ಬಂತು. ಇದೇನ್ ಮಾಡಾಕತ್ತಿ?"

ಮಗಳ ದನಿಗೆ ಬೆಚ್ಚಿ ನೋಡಿದೆ. ನನ್ನ ಸೆರಗಿನ ತುದಿ ಅವಳ ವೇಲಿಗೆ ಗಂಟಾಗಿತ್ತು. ನಾಚಿಕೆಯಾಯಿತು, ಆದರೆ ಬೆರಳು ಬಿಡವು. ಅವಳು ಎಳೆದುಕೊಳ್ಳಲಿಲ್ಲ. ಚೀಲ ಕೆಳಗಿಟ್ಟು ಪಕ್ಕದಲ್ಲಿ ಕೂತಳು. ಬಸ್ಸು ಹೋಯಿತು.

"ನಿನಗೊಬ್ಬ ಸ್ವಾದರಮಾವ ಇದ್ದ," ಎಂದೆ. ಇಷ್ಟು ವರ್ಷ ಆ ಮಾತನ್ನು ನಾನೂ ಎತ್ತಿರಲಿಲ್ಲ. "ಚಂದ್ರು ಅಂತ."

ಹೇಳಿ ಮುಗಿಯುವಷ್ಟರಲ್ಲಿ ಮುಂದಿನ ಬಸ್ಸು ಬಂತು. ಗಂಟನ್ನು ನಾನೇ ಬಿಚ್ಚಿದೆ.