ಓಣಿಯ ಹೊರಸುಗಳೆಲ್ಲ ಕಾಲುವೆಗೆ

ಮದುವೆಯಾಗಿ ಇಪ್ಪತ್ತೇ ದಿನ, ಗೆಳೆಯರೇ! ಯಾದಗಿರಿಯ ಬಾಡಿಗೆ ಫ್ಲ್ಯಾಟಿನಲ್ಲಿ, ನಮ್ಮ ಹೊಚ್ಚ ಹೊಸ ಹಾಸಿಗೆಯ ಮೇಲೆ ತಿಗಣೆಯೊಂದನ್ನು ಹೊಸಕಿದೆ. ಆ ವಾಸನೆ ನನ್ನನ್ನು ಸೀದಾ ಶಹಾಪುರದ ಅಜ್ಜಿಯ ಓಣಿಗೆ ಒಯ್ದಿತು.

ಅಲ್ಲಿ ಒಂದು ಮನೆಯಲ್ಲಿ ತಿಗಣೆ ಕಂಡರೆ ಸಾಕು, ಓಣಿಯ ಹೊರಸುಗಳೆಲ್ಲ, ಅಂದರೆ ಹಗ್ಗದ ಮಂಚಗಳೆಲ್ಲ, ಒಂದೇ ದಿನ ಕಾಲುವೆಯಲ್ಲಿ ಮುಳುಗುತ್ತಿದ್ದವು. ನಾವು ಮಕ್ಕಳು ಅವುಗಳ ಮೇಲೆ ಕುಣಿಯುತ್ತಿದ್ದೆವು. "ನಮ್ಮನ್ಯಾಗ ಇಲ್ರೀ" ಎಂದ ಎದುರುಮನೆಯ ಮಾಸ್ತರರಿಗೆ ಅಜ್ಜಿ ಗದರಿದ್ದಳು: "ತಗಣಿ ಬಾಗಲಾ ಬಡದು ಬರ್ತಾವೇನ್ರೀ ಮಾಸ್ತರ? ಹೊರಸು ಹೊರಗ ತರ್ರಿ!"

ಇಲ್ಲಿ, ಕೆಳಗಿನ ಮನೆಯಲ್ಲೇ ಇರುವ ನಮ್ಮ ಫ್ಲ್ಯಾಟಿನ ಮಾಲಕರು ತಮ್ಮ ತೋಳು ಕೆರೆದುಕೊಳ್ಳುತ್ತಲೇ, "ನಿಮ್ಮ ಮದವಿ ಮಂಚದ ಜೋಡಿ ಬಂದಾವ ನೋಡಮ್ಮ" ಎಂದರು. ಮೈಯೆಲ್ಲ ಉರಿಯಿತು. ಗಂಡನೂ ನಾನೂ ಮಂಚವನ್ನು ಅಂಗಳದ ಬಿಸಿಲಿಗೆ ಎಳೆದೆವು. ಆಮೇಲೆ ನಾನು ಮೊದಲು ಬಡಿದದ್ದು ಮಾಲಕರ ಬಾಗಿಲನ್ನೇ.

"ನಿಮ್ಮ ಮಂಚನೂ ಹೊರಗ ತರ್ರಿ!"