ಗಾಜಿನ ಹೆಂಚು ಮತ್ತು ಪನ್ನೀರು ಗುಲಾಬಿ

ನಜರ್‌ಬಾದಿನ ನಮ್ಮ ಸಾಲುಮನೆಗಳಲ್ಲಿ ನನಗೆ ಕಂಡರಾಗದವಳೆಂದರೆ ಪಕ್ಕದ ಮನೆಯ ವಸಂತಮ್ಮ. ರವಿಕೆ ಹೊಲಿದು ಬದುಕುವ ವಿಧವೆ. ಜಗಲಿಯ ಮೇಲೆ ಸೀಮೆಎಣ್ಣೆ ಡಬ್ಬಗಳಲ್ಲಿ ದುಂಡುಮಲ್ಲಿಗೆ, ಕನಕಾಂಬರ, ಒಂದು ಪನ್ನೀರು ಗುಲಾಬಿ ಸಾಕಿದ್ದಳು. ನಾನು ಬೆಳಿಗ್ಗೆ ಐದಕ್ಕೇ ಸ್ನಾನ ಮುಗಿಸಿ ಲಿಂಗಪೂಜೆಗೆ ನಾಲ್ಕು ಹೂವು ಕೀಳುತ್ತಿದ್ದೆ. ಅದೇನು ಕಳ್ಳತನವೇ? ಊರಿನವರೆಲ್ಲ ಕೀಳುತ್ತಾರೆ.

ಒಂದು ದಿನ ಬಾಗಿಲಲ್ಲೇ ಕಾದು ನಿಂತಿದ್ದಳು.

“ಶಿವಲಿಂಗಯ್ನೋರೆ, ಒಂದಾದ್ರೂ ಬುಟ್ಬುಡಿ.”

“ದೇವರಿಗೆ ತಾನೇ ಕಣಮ್ಮ? ನೀನಂತೂ ಮುಡಿಯೋ ಹಾಗಿಲ್ಲ. ನಿಂಗ್ಯಾಕೆ ಹೂವು?”

“ನೋಡಕ್ಕೆ ಕಣ್ರೀ. ಗುಲಾಬಿ ಗಿಡದಲ್ಲೇ ಪೂರ್ತಿ ಅರಳಿದ್ದನ್ನ ಒಂದಿನ ನೋಡ್ಬೇಕು. ನಾಕು ವರ್ಷದಿಂದ ಬರೀ ಮೊಗ್ಗು ನೋಡಿದೀನಿ.”

ನೋಡುವುದಕ್ಕಂತೆ! ಎಂಥ ಕೊಬ್ಬು ನೋಡಿ.

ಮಾರನೆಯ ದಿನ ಡಬ್ಬಗಳೆಲ್ಲ ಮನೆಯೊಳಗೆ ಹೋದವು. ಒಳಗೆ ಕತ್ತಲು, ಅದಕ್ಕೆ ಸೂರಿಗೆ ಒಂದು ಗಾಜಿನ ಹೆಂಚು ಹಾಕಿಸಿಕೊಂಡಳು. ಅದರಿಂದ ಬೀಳುವ ಬಿಸಿಲು ಸರಿದಂತೆ ಹೊಲಿಯುವುದನ್ನು ಬಿಟ್ಟು ಎದ್ದು ಡಬ್ಬಗಳನ್ನೂ ಸರಿಸುತ್ತಿದ್ದಳು. ಗೋಡೆಯಾಚೆಯಿಂದ ನನಗೆ ದಿನವಿಡೀ ಕರ್ರ್ ಕರ್ರ್ ಎನ್ನುವ ಸದ್ದು. ಮಾಡಿನವರೆಗೆ ಏರದ ಆ ಮೋಟುಗೋಡೆಯ ಮೇಲಿಂದ ಮಲ್ಲಿಗೆಯ ವಾಸನೆ ಬೇರೆ. ನಾನು ಮಾರ್ಕೆಟ್ಟಿನ ಬಾಡಿದ ಹೂವು ಹಿಡಿದು ಪೂಜೆಗೆ ಕೂರಬೇಕು! ಮೈಯೆಲ್ಲ ಉರಿಯುತ್ತಿತ್ತು.

ಐವತ್ತೆಂಟನೆಯ ಇಸವಿ. ಶಿವರಾತ್ರಿಗೆ ಒಂದೇ ಒಂದು ಗುಲಾಬಿ ಕೇಳಿದೆ. “ಒಂದೇ ಮೊಗ್ಗು ಬಂದಿದೆ, ಕೊಡಕ್ಕಿಲ್ಲ” ಎಂದು ಬಾಗಿಲು ಹಾಕಿಕೊಂಡಳು. ಅವತ್ತೇ ಮಧ್ಯಾಹ್ನ ನಮ್ಮ ಹೆಂಚು ಸರಿಮಾಡುವ ನೆವದಲ್ಲಿ ಸೂರು ಹತ್ತಿದೆ. ಅವಳ ಗಾಜಿನ ಹೆಂಚಿನ ಮೇಲೆ ಗೋಣಿಚೀಲ ಹಾಸಿ ಕಲ್ಲು ಹೇರಿದೆ. ಡಬ್ಬ ಎಳೆಯುವ ಸದ್ದು ನಿಂತಿತು. ಸುಳ್ಳು ಯಾಕೆ ಹೇಳಲಿ, ನನಗೆ ಸಂತೋಷವೇ ಆಯಿತು.

ಇಪ್ಪತ್ತು ದಿನದ ಮೇಲೆ ಗುಲಾಬಿಯ ಡಬ್ಬ ಹೊತ್ತು ನಮ್ಮ ಜಗಲಿಗೆ ಬಂದಳು. ಎಲೆಗಳು ಹಳದಿ, ಮೊಗ್ಗು ಕಪ್ಪಾಗಿ ಮುರುಟಿತ್ತು.

“ಗೋಣಿ ಹಾಕ್ದೋರು ನೀವೇ ಅಂತ ಗೊತ್ತು. ಜಗಳಕ್ಕೆ ಬಂದಿಲ್ಲ. ಹೊರಗಿಟ್ರೆ ನೀವು ಕೀಳ್ತೀರಿ ಅಂತ ಒಳಗೇ ಇಟ್ಕೊಂಡೆ, ಮಿಕ್ಕಿದ್ದೆಲ್ಲ ಸತ್ತೋದ್ವು. ಇದಾದ್ರೂ ನಿಮ್ಮ ಬಿಸಿಲಲ್ಲಿ ಬದುಕ್ಕೊಳ್ಳಲಿ.”

ಡಬ್ಬ ಇಟ್ಟು ಹೋದಳು. ನಾನು ಆಗಲೇ ಸೂರು ಹತ್ತಿ ಗೋಣಿ ತೆಗೆದೆ. ಅವಳ ಮನೆಯಲ್ಲಿ ಬಿಸಿಲಿಗಿಡಲು ಏನೂ ಉಳಿದಿರಲಿಲ್ಲ.

ಯುಗಾದಿ ಕಳೆದು ಎರಡು ತಿಂಗಳಿಗೆ ಗಿಡ ಚೇತರಿಸಿಕೊಂಡು ಒಂದು ಹೂವು ಬಿಟ್ಟಿತು. ಹುಟ್ಟಿದ ಮೇಲೆ ಮೊದಲ ಸಲ ನಾನು ಅರಳಿದ ಹೂವನ್ನು ಕೀಳದೆ ಬಿಟ್ಟೆ. ಹೋಗಿ ಅವಳ ಬಾಗಿಲು ತಟ್ಟಿದೆ.

“ವಸಂತಮ್ಮ, ಗುಲಾಬಿ ಪೂರ್ತಿ ಅರಳಿದೆ. ಬಂದು ನೋಡವ್ವ.”

ಒಳಗೆ ಮಿಷನ್ನಿನ ಸದ್ದು ನಿಂತಿತು.

“ಕಿತ್ಕೊಳ್ಳಿ. ದೇವರಿಗೆ ತಾನೇ?”

ಮಿಷನ್ನು ಮತ್ತೆ ಶುರುವಾಯಿತು. ಮೂರು ದಿನ ಕಾದೆ, ಬಾಗಿಲು ತೆಗೆಯಲಿಲ್ಲ. ನಾಲ್ಕನೆಯ ಬೆಳಿಗ್ಗೆ ಜಗಲಿಯ ಮೇಲೆ ಉದುರಿದ್ದ ಎಸಳುಗಳನ್ನು ನಾನೇ ಗುಡಿಸಿದೆ.