ಅವ್ವನ ಒಡಪು, ಕಾರಿನ ಸ್ಪೀಕರು

ಅವ್ವ ತೀರಿಕೊಂಡ ಮೇಲೆ ಅವಳ ದನಿಯೆಂದು ನನ್ನ ಬಳಿ ಉಳಿದದ್ದು ತಂಗಿ ವಾಟ್ಸಾಪಿನಲ್ಲಿ ಕಳಿಸಿದ್ದ ಒಂದು ತುಣುಕು ವಿಡಿಯೋ ಮಾತ್ರ. ತಂಗಿಯ ಬಸುರಿ ಮಗಳ ಕುಬಸದ ದಿನ ಹೆಂಗಸರೆಲ್ಲ ಸರದಿಯಂತೆ ಗಂಡನ ಹೆಸರು ಸೇರಿಸಿ ಪ್ರಾಸದ ಒಡಪು ಹೇಳುತ್ತಿದ್ದರು. ಅವ್ವನೂ ಶುರು ಮಾಡುತ್ತಾಳೆ, ನಡುವೆ ಏನೋ ಗದ್ದಲ, ಅಷ್ಟಕ್ಕೇ ನಿಲ್ಲಿಸುತ್ತಾಳೆ. ನಾಚಿಕೊಂಡಳು ಎಂದು ನಾನು ಊರಿಗೆಲ್ಲ ಹೇಳಿಕೊಂಡು ನಕ್ಕಿದ್ದೇನೆ.

ಚಿಕ್ಕೋಡಿಯಿಂದ ದಿನಾ ಕಾರಿನಲ್ಲಿ ಓಡಾಡುವಾಗ ಅದನ್ನೇ ಹಾಕುತ್ತಿದ್ದೆ. ಗೊರಗೊರ ಸದ್ದಿನಲ್ಲಿ ಅವ್ವನ ದನಿ ಅರ್ಧವೇ ಕೇಳಿಸುತ್ತಿತ್ತು. ನನಗೆ ಹಟ ಜಾಸ್ತಿ. ನಿಪ್ಪಾಣಿಗೆ ಹೋಗಿ ನಾಲ್ಕೂ ಬಾಗಿಲಿಗೆ ಹೊಸ ಸ್ಪೀಕರ್ ಹಾಕಿಸಿದೆ. ಗೊರಗೊರವೇ ದೊಡ್ಡದಾಯಿತು. "ಇನ್ನ ಕಾರ್ ಮಾರಿ ಸ್ಪೀಕರ್ ಮ್ಯಾಲ ಕುಂತ ಅಡ್ಯಾಡ್ರಿ" ಎಂದು ಹೆಂಡತಿ ಛೇಡಿಸಿದಳು.

ಸಿಟ್ಟಿನಿಂದ ಅಂಗಡಿಗೆ ವಾಪಸು ಹೋದರೆ ಅಂಗಡಿಯವನು ತುಣುಕು ಕೇಳಿ ನಕ್ಕು ಒಂದು ಮರಾಠಿ ಗಾದೆ ಹೇಳಿದ. "ಆಡಾತ್ ನಾಹೀ ತರ್ ಪೋಹ್ರ್ಯಾತ್ ಕುಠೂನ್ ಯೇಣಾರ್? ಬಾವ್ಯಾಗ ಇಲ್ಲದ್ದು ಕೊಡದಾಗ ಎಲ್ಲಿಂದ ಬರಬೇಕ್ರಿ ಸಾಹೇಬ್ರ? ವಾಟ್ಸಾಪಿನ್ಯಾಗ ಬಂದದ್ದು ಹಿಂಡಿ ಬಂದಿರ್ತೈತಿ. ಅಸಲಿ ವಿಡಿಯೋ ತರ್ರಿ. ಬ್ಲೂಟೂತ್ ಬ್ಯಾಡ, ವೈಯರ್ ಹಚ್ಚಿ ಕೇಳ್ರಿ."

ಅಸಲಿ ಇದ್ದದ್ದು ಹಾರೂಗೇರಿಯ ತಂಗಿಯ ಹಳೆಯ ಫೋನಿನಲ್ಲಿ. ಕೇಳಿದಾಗಲೆಲ್ಲ ಒಂದೊಂದು ನೆಪ. ಚಾರ್ಜರ್ ಸಿಗವಲ್ದು ಅಂದಳು, ಫೋನ್ ಎಲ್ಲಿಟ್ಟೇನೋ ಅಂದಳು. ಅವ್ವನ ವಿಷಯದಲ್ಲೂ ಇವಳಿಗೆ ಇಷ್ಟು ಆಲಸ್ಯವೇ ಎಂದು ನನಗೆ ರೇಗಿತು. ಒಂದು ಭಾನುವಾರ ನಾನೇ ಹೋಗಿ ಕೂತೆ. ಫೋನ್ ತಂದು ಕಾರಿನಲ್ಲಿ ನನ್ನ ಪಕ್ಕ ಕುಳಿತಳು.

ಗಾಜು ಏರಿಸಿ, ವೈಯರ್ ಸಿಕ್ಕಿಸಿ ವಿಡಿಯೋ ಹಚ್ಚಿದೆ. ಅವ್ವ ಕಾರಿನೊಳಗೇ ಬಂದಳು. ಬಳೆಯ ಸದ್ದು, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು, ಎಲ್ಲ ಕೇಳಿಸಿತು. ನನ್ನ ಕಣ್ಣು ತುಂಬಿತು. "ಹೊಸಾ ಗಡಗಿ, ಹೊಸಾ ಬೆಲ್ಲ, ಯಾಲಕ್ಕಿ ಘಮಘಮ..."

ಅಷ್ಟರಲ್ಲಿ ಬಾಗಿಲ ಕಡೆಯಿಂದ ಒಂದು ಗಂಡಸಿನ ದನಿ, ಸ್ವಚ್ಛವಾಗಿ: "ಯವ್ವಾ, ಅದು ನಿಂದಲ್ಲ. ಮುತ್ತೈದ್ಯಾರ ನಡಬರಕ ಏನ್ ಹೆಸರ ಹೇಳ್ತಿ? ಹಿಂದಕ್ಕ ಸರಿ."

ನನ್ನದೇ ದನಿ.

ಕೈ ತಾನಾಗಿ ಹೋಗಿ ವಿಡಿಯೋ ನಿಲ್ಲಿಸಿತು. ಅಪ್ಪ ಸತ್ತು ಆಗ ವರ್ಷವಾಗಿತ್ತು. ವಿಧವೆ ಒಡಪು ಹೇಳಬಾರದೆಂಬ ರೂಢಿ ನನಗೆ ಗೊತ್ತಿತ್ತು, ಆದರೆ ನಾನು ಹೀಗೆ ಅಂದದ್ದು ದೇವರಾಣೆ ನೆನಪಿರಲಿಲ್ಲ. ಊಟದ ಪಂಕ್ತಿಯ ಗಡಿಬಿಡಿಯಲ್ಲಿ ಅಂದು ಮುಂದೆ ಹೋಗಿರಬೇಕು. ನಾಚಿಕೊಂಡಳು ಎಂದು ಎಷ್ಟು ಜನರಿಗೆ ಹೇಳಿದ್ದೆ.

ತಂಗಿ ರಸ್ತೆ ನೋಡುತ್ತ ಹೇಳಿದಳು. "ಅದಕ್ಕ ಕೊಟ್ಟಿರಲಿಲ್ಲಣ್ಣಾ. ಹಚ್ಚೀ ಅಂದ ಮ್ಯಾಲ ಪೂರಾ ಕೇಳು. ಇನ್ನೂ ಐತಿ."

ಮತ್ತೆ ಹಚ್ಚಿದೆ. ಬಳೆ ಸದ್ದಾಯಿತು. ಅವ್ವನ ದನಿ ಸಣ್ಣಗೆ ಬಂತು, ಸಿಟ್ಟಿಲ್ಲ, ತಾನೇ ತಪ್ಪು ಮಾಡಿದವಳ ಹಾಗೆ.

"ಹೌದಲಾ ಮಗನ. ಅವ್ರು ಹೋಗ್ಯಾರನ್ನೂದು ಮರತ ಬಿಟ್ಟಿದ್ನೆಪಾ."